ಹಾಲು, ಹೊಗೆ ಮತ್ತು ಮಿಣುಕುಹುಳು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ವಿಷದ ಮಾತೆತ್ತುವುದು ಸೊಗಸಲ್ಲವೆಂದು ನಾನು ಬಲ್ಲೆ. ಆದರೆ ಕಾರ್ಯದರ್ಶಿಗಳು, “ವಿಜ್ಞಾನದ ವಿಷಯ ಏನಾದರೂ ಹೇಳಿ, ಮಕ್ಕಳಿಗೂ ಹಿರಿಯರಿಗೂ ತಿಳಿಯುವಂತಿರಲಿ” ಎಂದು ಅಪ್ಪಣೆ ಮಾಡಿದರು. ಈ ಊರಿನಲ್ಲಿ ಮನೆ ಮಾಡಿಕೊಂಡು, ಇಲ್ಲಿಯ ಹಾಲು ಕುಡಿದು ಇಲ್ಲಿಯ ಗಾಳಿ ಸೇವಿಸುವ ನಮಗೆ ತಿಳಿದಿರತಕ್ಕ ಸಂಗತಿ ಇದೇ ಎಂದು ತೋರಿದ್ದರಿಂದ ಡಯಾಕ್ಸಿನ್ ಎಂಬ ವಿಷವನ್ನೂ, ಅದನ್ನು ಜೀವಕೋಶಗಳಿಂದ ಪತ್ತೆಮಾಡುವ ಉಪಾಯವನ್ನೂ ಆರಿಸಿಕೊಂಡಿದ್ದೇನೆ. ಹೆಸರು ಕೇಳಿ ಹೆದರಬೇಡಿ, ಅಡಿಗೆಮನೆಯಿಂದಲೆ ಆರಂಭಿಸುತ್ತೇನೆ.

ಮೈಸೂರಿನ ಕಡೆಯವರು ಗೋರಿಕಾಯಿ ಎನ್ನುತ್ತೇವೆ. ಧಾರವಾಡ, ಕಲಬುರಗಿಯವರು ಚವಳಿಕಾಯಿ ಎನ್ನುತ್ತೀರಿ. ಇಲ್ಲಿಯ ಸಬ್ಜಿಮಂಡಿಯಲ್ಲಿ ಅದಕ್ಕೆ ಗ್ವಾರ್ ಎಂದು ಹೆಸರು. ನಾವು ಎಳೆಯ ಕಾಯಿಯನ್ನು ಪಲ್ಯ ಮಾಡಿ ತಿಂದು ಮುಗಿಸುತ್ತೇವೆ. ರಾಜಸ್ಥಾನ, ಹರಿಯಾಣಗಳ ಮರಳು ನೆಲದ ರೈತನಾದರೋ ಅದನ್ನು ಬೀಜಕ್ಕಾಗಿ ಬೆಳೆಯುತ್ತಾನೆ. ಬೀಜದೊಳಗಿನ ಬಿಳಿಯ ಭಾಗವನ್ನು ಬೀಸಿದರೆ ಒಂದು ಬಗೆಯ ಅಂಟಿನ ಪುಡಿ ದೊರೆಯುತ್ತದೆ. ಚಿಟಿಕೆ ಪುಡಿ ಬೆರೆಸಿದರೆ ನೀರು ಗಂಜಿಯಂತೆ ಮಂದವಾಗುತ್ತದೆ. ಐಸ್‌ಕ್ರೀಂ, ಸಾಸು, ಹಣ್ಣಿನ ಮೊಸರು ಮೊದಲಾದವುಗಳಿಗೆ ಇದು ಬೇಕು. ಪ್ರಪಂಚಕ್ಕೆ ಬೇಕಾದ ಗೋರಿ ಅಂಟಿನ ಬಹುಪಾಲು ಹೋಗುವುದು ನಮ್ಮ ದೇಶದಿಂದ, ಅದರಲ್ಲಿಯೂ ದೆಹಲಿಯಿಂದ ಒಂದು ಹಗಲಿನ ದಾರಿಯಲ್ಲಿರುವ ಹೊಲಗಳಿಂದ.

2007ರ ಜುಲೈನಲ್ಲಿ ಈ ಅಂಟು ಯೂರೋಪಿನಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ಭಾರತದಿಂದ ಹೋದ ಕೆಲವು ಸರಕಿನಲ್ಲಿ ಪೆಂಟಾಕ್ಲೋರೋಫಿನಾಲ್ ಎಂಬ ಬೂಷ್ಟುನಾಶಕ ಸಿಕ್ಕಿತು. ಅದರ ಬೆನ್ನಿಗೇ ಡಯಾಕ್ಸಿನ್ ಕೂಡ, ಅದೂ ಸಾಮಾನ್ಯವಾಗಿ ಇರಬಹುದಾದದ್ದಕ್ಕಿಂತ ನೂರಾರು ಪಟ್ಟು ಹೆಚ್ಚಾಗಿ. ಅಂಗಡಿಗಳಿಂದ ಪದಾರ್ಥಗಳನ್ನು ಹಿಂದಕ್ಕೆ ತರಿಸಿದರು. ಐರೋಪ್ಯ ಒಕ್ಕೂಟದ ಪರೀಕ್ಷಕರು ಇಲ್ಲಿಗೆ ಬಂದು ಕಾರ್ಖಾನೆಗಳನ್ನು ನೋಡಿ ಹೋದರು. 2008ರ ಏಪ್ರಿಲ್‌ನಲ್ಲಿ, ಪರೀಕ್ಷೆಯ ಪತ್ರವಿಲ್ಲದೆ ಗೋರಿ ಅಂಟಿನ ಒಂದು ಚೀಲವೂ ಆ ದೇಶಗಳ ಬಂದರು ದಾಟಬಾರದೆಂದು ಕಟ್ಟಳೆಯಾಯಿತು. ಹೊಲದಲ್ಲಿ ದುಡಿದ ರೈತನಿಗೆ ಡಯಾಕ್ಸಿನ್ ಎಂಬ ಶಬ್ದವೇ ಗೊತ್ತಿರಲಿಲ್ಲ, ಪಾಪ. ಬೀಜದ ಬೆಲೆ ಮಾತ್ರ ಅವನದು.

ಇಲ್ಲಿ ಒಂದು ಸಣ್ಣ ವಿಷಯವನ್ನು ಗಮನಿಸಬೇಕು. ಆ ಕಟ್ಟಳೆ ಕೇಳಿದ್ದು ಪೆಂಟಾಕ್ಲೋರೋಫಿನಾಲಿನ ಪರೀಕ್ಷೆಯನ್ನು, ಡಯಾಕ್ಸಿನ್ನಿನದಲ್ಲ. ಕಳ್ಳನನ್ನು ಹಿಡಿಯುವುದು ಕಷ್ಟವಾದಾಗ ಅವನ ಜೊತೆಗಾರನ ಮೇಲೆ ಕಣ್ಣಿಡುತ್ತಾರಲ್ಲ, ಹಾಗೆ. ಡಯಾಕ್ಸಿನ್ನನ್ನು ಅಳೆಯುವುದು ಅಷ್ಟು ದುಬಾರಿ, ಅಷ್ಟು ತಡ. ನನ್ನ ಮಾತೆಲ್ಲ ಈ ‘ಅಷ್ಟು ದುಬಾರಿ’ ಎಂಬುದರ ಸುತ್ತಲೇ ಇದೆ.

ಡಯಾಕ್ಸಿನ್ ಎಂಬುದು ಒಂದು ವಸ್ತುವಲ್ಲ, ಒಂದು ದೊಡ್ಡ ಕುಟುಂಬ. ಇಂಗಾಲದ ಎರಡು ಉಂಗುರಗಳು; ಅವುಗಳ ನಡುವೆ ಆಮ್ಲಜನಕದ ಸೇತುವೆ; ಅಂಚಿನಲ್ಲಿ ಅಲ್ಲಲ್ಲಿ ಕ್ಲೋರಿನ್. ಕ್ಲೋರಿನ್ ಎಲ್ಲೆಲ್ಲಿ ಕುಳಿತಿದೆ ಎಂಬುದರ ಮೇಲೆ ಡಯಾಕ್ಸಿನ್‌ಗಳು 75 ಬಗೆ, ಅವುಗಳ ದಾಯಾದಿಗಳಾದ ಫ್ಯುರಾನ್‌ಗಳು 135 ಬಗೆ. ಈ 210ರಲ್ಲಿ ನಿಜವಾದ ದುಷ್ಟರು 17 ಮಂದಿ. ಇವರಂತೆಯೇ ನಡೆದುಕೊಳ್ಳುವ ಪಿಸಿಬಿ ಎಂಬ ಎಣ್ಣೆಯಂಥ ರಾಸಾಯನಿಕಗಳು ಇನ್ನೂ 12. ಎಲ್ಲಕ್ಕೂ ಯಜಮಾನನಾದದ್ದು ಟಿಸಿಡಿಡಿ. 1976ರ ಜುಲೈ 10ರಂದು ಇಟಲಿಯ ಸೆವೆಸೊ ಊರಿನ ಮೇಲೆ ಕಾರ್ಖಾನೆಯಿಂದ ಮೋಡವಾಗಿ ಇಳಿದದ್ದೂ, ವಿಯಟ್ನಾಮಿನ ಕಾಡುಗಳ ಎಲೆ ಉದುರಿಸಲು ಅಮೆರಿಕದವರು ಸುರಿದ ಔಷಧದಲ್ಲಿ ಬೆರೆತಿದ್ದುದೂ ಇದೇ. ಇದು ಮನುಷ್ಯನಿಗೆ ಕ್ಯಾನ್ಸರ್ ತರತಕ್ಕದ್ದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1997ರಲ್ಲಿ ನಿರ್ಧರಿಸಿತು.

ಇದನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ. ಅಂಗಡಿಯಲ್ಲಿ ಮಾರುವ ಪದಾರ್ಥವಲ್ಲ, ಆದುದರಿಂದ ನಿಷೇಧಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕ್ಲೋರಿನ್ ಇರುವ ವಸ್ತು, ಅಂದರೆ ನಮ್ಮ ಕಾಲದಲ್ಲಿ ಮುಖ್ಯವಾಗಿ ಪಿವಿಸಿ ಪ್ಲಾಸ್ಟಿಕ್, ಅರೆಬರೆ ಉರಿದರೆ ತಾನಾಗಿಯೆ ಹುಟ್ಟುತ್ತದೆ. ಹೊಗೆ ತಣ್ಣಗಾಗುವಾಗ, 200ರಿಂದ 450 ಡಿಗ್ರಿಗಳ ನಡುವೆ, ಬೂದಿಯ ಕಣಗಳ ಮೇಲೆ ಕಟ್ಟಿಕೊಳ್ಳುತ್ತದೆ. ತಾಮ್ರವೇನಾದರೂ ಇದ್ದರೆ ಮುಗಿಯಿತು, ಕೆಲಸ ಇನ್ನೂ ಚುರುಕು. ಸೀಲಂಪುರ, ಮಂಡೋಲಿ, ಲೋಣಿಯ ಕಡೆ ಹಳೆಯ ವಿದ್ಯುತ್ ತಂತಿಗಳನ್ನು ತಾಮ್ರದ ಆಸೆಗೆ ಸುಡುವುದನ್ನು ತಾವು ಕೇಳಿರಬಹುದು. ಡಯಾಕ್ಸಿನ್ ತಯಾರಿಸಬೇಕೆಂದು ಯಾರಾದರೂ ಪಾಕಶಾಸ್ತ್ರ ಬರೆದರೆ ಅದರಲ್ಲಿ ಮೊದಲ ಪುಟಕ್ಕೆ ಬರಬಹುದಾದ ಅಡಿಗೆ ಅದು.

ಹೊಗೆಯೊಡನೆ ಹೋದ ಡಯಾಕ್ಸಿನ್ ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಕೂರುತ್ತದೆ. ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಸು ಹುಲ್ಲು ಮೇಯುತ್ತದೆ, ಕೋಳಿ ಮಣ್ಣು ಕೆದಕುತ್ತದೆ, ಮೀನು ಕೆಸರಿನಲ್ಲಿ ಆಹಾರ ಹುಡುಕುತ್ತದೆ. ಅವುಗಳ ಕೊಬ್ಬಿನಲ್ಲಿ ಅದು ಸೇರಿಕೊಂಡು ಹಾಲಿಗೆ, ಮೊಟ್ಟೆಗೆ, ಮಾಂಸಕ್ಕೆ ಬರುತ್ತದೆ. ಮನುಷ್ಯನ ದೇಹಕ್ಕೆ ಸೇರುವುದರಲ್ಲಿ ನೂರಕ್ಕೆ ತೊಂಬತ್ತರಷ್ಟು ಊಟದ ಮೂಲಕವೆ. ಒಮ್ಮೆ ಒಳಹೊಕ್ಕರೆ ಅದರ ಅರ್ಧ ಹೊರಹೋಗಲು 7ರಿಂದ 11 ವರ್ಷ ಹಿಡಿಯುತ್ತದೆ. ಕೆಟ್ಟ ಬಾಡಿಗೆದಾರನಂತೆ ಎಂದು ನಮ್ಮಂಥ ದೆಹಲಿಯವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಪ್ರಮಾಣ. ಐರೋಪ್ಯರು ಹಾಲಿಗೆ ಹಾಕಿಕೊಂಡಿರುವ ಮಿತಿ ಒಂದು ಗ್ರಾಂ ಕೊಬ್ಬಿಗೆ ಸುಮಾರು 2 ಪಿಕೊಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೊಗ್ರಾಂ. ಸುಮಾರು 600 ಟನ್ ತುಪ್ಪದಲ್ಲಿ ಸಕ್ಕರೆಯ ಒಂದೇ ಒಂದು ಹರಳನ್ನು ಬೆರೆಸಿದರೆ ಗ್ರಾಮಿಗೆ ಒಂದು ಪಿಕೊಗ್ರಾಮಿನ ಲೆಕ್ಕಕ್ಕೆ ಬರುತ್ತದೆ. ರೈಲಿನ ದೊಡ್ಡ ಟ್ಯಾಂಕರುಗಳಾದರೆ ಹದಿನೈದು ಬೇಕು. ಅಷ್ಟು ತುಪ್ಪದಲ್ಲಿ ಆ ಹರಳನ್ನು ಹುಡುಕಿ ತೆಗೆಯಬೇಕು. ತೆಗೆದು, ಅದು ಇಂಥ ಕಾರ್ಖಾನೆಯ ಸಕ್ಕರೆಯೋ ಇನ್ನೊಂದರದೋ ಎಂಬುದನ್ನೂ ಹೇಳಬೇಕು.

ಈ ಕೆಲಸ ಮಾಡುವ ಯಂತ್ರ ಉಂಟು. ಗ್ಯಾಸ್ ಕ್ರೊಮೆಟೋಗ್ರಾಫ್‌ಗೆ ಜೋಡಿಸಿದ ಉನ್ನತ ಪೃಥಕ್ಕರಣದ ಮಾಸ್ ಸ್ಪೆಕ್ಟ್ರೋಮೀಟರ್. ಹದಿನೇಳು ದುಷ್ಟರನ್ನೂ ಒಬ್ಬೊಬ್ಬರನ್ನಾಗಿ ಸಾಲಿನಲ್ಲಿ ನಿಲ್ಲಿಸಿ ತೂಗುವ ಶಕ್ತಿ ಅದಕ್ಕಿದೆ. ಆದರೆ ಯಂತ್ರದ ಬೆಲೆ ಕೋಟಿಗಳಲ್ಲಿ. ನಡೆಸಲು ವರ್ಷಗಟ್ಟಲೆ ಪಳಗಿದ ಕೈ ಬೇಕು. ಒಂದು ಮಾದರಿಯನ್ನು ಶುದ್ಧಮಾಡಿ ಅಳೆದು ಮುಗಿಸಲು ದಿನಗಳು ಬೇಕು. ನಮ್ಮ ದೇಶದಲ್ಲಿ ತಿರುವನಂತಪುರದ ಸಿಎಸ್‌ಐಆರ್ ಸಂಸ್ಥೆ, ಇಲ್ಲಿಯ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿ ಮುಂತಾಗಿ ಕೆಲವೇ ಕಡೆ ಈ ಸೌಕರ್ಯ ಏರ್ಪಟ್ಟಿತು. ಹೀಗಿರುವಾಗ ಬೀದಿಬೀದಿಯ ಹಾಲನ್ನು ಅದರಲ್ಲಿ ಪರೀಕ್ಷಿಸುವುದೆಂದರೆ, ಸಂತೆಯಲ್ಲಿ ಬದನೆಕಾಯಿ ತೂಗಲು ಅಕ್ಕಸಾಲಿಗನ ತ್ರಾಸನ್ನು ಒಯ್ದಂತೆ.

ಹಾಗಾದರೆ ಬೇರೆ ದಾರಿ ಯಾವುದು? ಇಲ್ಲಿಗೆ ಮಿಣುಕುಹುಳು ಬರುತ್ತದೆ.

ಡಯಾಕ್ಸಿನ್ ದೇಹದಲ್ಲಿ ಹೇಗೆ ಕೆಡಕು ಮಾಡುತ್ತದೆ ಎಂಬುದನ್ನು ಹುಡುಕುತ್ತಿದ್ದ ಅಮೆರಿಕದ ಆಲನ್ ಪೋಲಂಡ್ ಮತ್ತು ಅವರ ಜೊತೆಯವರು 1976ರಲ್ಲಿ ಒಂದು ಸಂಗತಿ ಕಂಡುಕೊಂಡರು. ನಮ್ಮ ಜೀವಕೋಶಗಳೊಳಗೆ ಒಂದು ಪ್ರೋಟೀನು ಕಾದು ಕುಳಿತಿರುತ್ತದೆ. ಅದಕ್ಕೆ ಆರಿಲ್ ಹೈಡ್ರೋಕಾರ್ಬನ್ ಗ್ರಾಹಕ ಎಂದು ಹೆಸರು. ನಾವು ಬರಿದೇ ಗ್ರಾಹಕ ಎನ್ನೋಣ. ಡಯಾಕ್ಸಿನ್ ಬಂದು ಇದನ್ನು ಹಿಡಿದುಕೊಂಡರೆ, ಎರಡೂ ಕೂಡಿ ಕೋಶದ ನಡುಮನೆಗೆ, ಎಂದರೆ ವಂಶವಾಹಿಗಳಿರುವ ಕೋಶಕೇಂದ್ರಕ್ಕೆ, ಹೋಗಿ ಅಲ್ಲಿ ಒಂದು ಕರೆಗಂಟೆ ಒತ್ತುತ್ತವೆ. ಗಂಟೆ ಕೇಳಿ ಕೆಲವು ವಂಶವಾಹಿಗಳು ಎಚ್ಚತ್ತು ಕೆಲಸಕ್ಕೆ ತೊಡಗುತ್ತವೆ. ಹೂಕೋಸು, ಎಲೆಕೋಸಿನಲ್ಲಿರುವ ಕೆಲವು ವಸ್ತುಗಳೂ ಈ ಗಂಟೆ ಒತ್ತಬಲ್ಲವು. ಆದರೆ ದೇಹ ಅವನ್ನು ಬೇಗ ಒಡೆದುಹಾಕುತ್ತದೆ, ಗಂಟೆ ನಿಲ್ಲುತ್ತದೆ. ಡಯಾಕ್ಸಿನ್ ಒಡೆಯುವುದಿಲ್ಲ. ಗುಂಡಿಯ ಮೇಲೆ ಬೆರಳಿಟ್ಟು ನಿಂತೇ ಇರುತ್ತದೆ. ಹಗಲೂ ರಾತ್ರಿ ಗಂಟೆ ಬಾರಿಸುತ್ತಿದ್ದರೆ ಮನೆಯವರ ಗತಿ ಏನಾಗಬೇಕೋ ಕೋಶದ ಗತಿಯೂ ಅದೇ.

ಈ ಗಂಟೆಯ ತಂತಿಗೆ ಒಂದು ದೀಪ ಜೋಡಿಸಿದರೆ ಹೇಗೆ? ಅದನ್ನೇ ಮಾಡಿದರು. ಮಲೆನಾಡಿನವರು ಮಳೆಗೆ ಮೊದಲು ಮರವೆಲ್ಲ ಮಿಣುಕುಹುಳುಗಳಿಂದ ತುಂಬಿ ಒಂದೇ ತಾಳದಲ್ಲಿ ಮಿನುಗುವುದನ್ನು ಕಂಡಿದ್ದೀರಿ. ಆ ಬೆಳಕಿಗೆ ಕಾರಣ ಲೂಸಿಫೆರೇಸ್ ಎಂಬ ಕಿಣ್ವ. ಅಮೆರಿಕದ ಮಿಣುಕುಹುಳಿನಿಂದ ಈ ಕಿಣ್ವದ ವಂಶವಾಹಿಯನ್ನು 1985ರ ಸುಮಾರಿಗೆ ಬೇರ್ಪಡಿಸಿದ್ದರು. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ಮೈಕೆಲ್ ಡೆನಿಸನ್ ಅವರ ತಂಡವೂ, ನೆದರ್ಲೆಂಡಿನ ವಾಗೆನಿಂಗೆನ್‌ನ ವಿಜ್ಞಾನಿಗಳೂ 1990ರ ದಶಕದಲ್ಲಿ ಅದನ್ನು ಇಲಿ ಮತ್ತು ಸುಂಡಿಲಿಯ ಯಕೃತ್ತಿನ ಕೋಶಗಳಲ್ಲಿ, ಸರಿಯಾಗಿ ಆ ಕರೆಗಂಟೆಯ ಮುಂದೆ ನೆಟ್ಟರು. ಈಗ ಡಯಾಕ್ಸಿನ್ ಗಂಟೆ ಒತ್ತಿದರೆ ಕೋಶ ಲೂಸಿಫೆರೇಸ್ ತಯಾರಿಸುತ್ತದೆ. ಹೆಚ್ಚು ಒತ್ತಿದರೆ ಹೆಚ್ಚು ತಯಾರಿಸುತ್ತದೆ. ಈ ಪರೀಕ್ಷೆಗೆ ಕ್ಯಾಲಕ್ಸ್ ಎಂದು ಹೆಸರು.

ಹಾಲನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಮೊದಲು ಕೊಬ್ಬನ್ನು ಬೇರ್ಪಡಿಸಿ ಹೆಕ್ಸೇನಿನಲ್ಲಿ ಕರಗಿಸಬೇಕು. ಅದನ್ನು ಗಂಧಕಾಮ್ಲ ಹೀರಿಸಿದ ಸಿಲಿಕಾ ಪುಡಿಯ ಕೊಳವೆಯಲ್ಲಿ ಇಳಿಸಬೇಕು. ಆಮ್ಲವು ಕೊಬ್ಬನ್ನೂ, ಹೊಗೆಯಲ್ಲಿ ಇರುವ ಇತರ ಗಂಟೆ ಒತ್ತುವ ವಸ್ತುಗಳನ್ನೂ ಸುಟ್ಟುಹಾಕುತ್ತದೆ. ಡಯಾಕ್ಸಿನ್ ಅದಕ್ಕೂ ಜಗ್ಗದೆ ಉಳಿಯುತ್ತದೆ. ಅದರ ಈ ಹಟಮಾರಿತನವೆ ಇಲ್ಲಿ ನಮಗೆ ಅನುಕೂಲ. ಈ ಮೆಟ್ಟಿಲಿನಲ್ಲಿ ಉದಾಸೀನ ಮಾಡಿದರೆ ಮುಂದಿನದೆಲ್ಲ ವ್ಯರ್ಥ, ಕಂಡಕಂಡದ್ದಕ್ಕೆಲ್ಲ ದೀಪ ಹತ್ತುತ್ತದೆ. ಉಳಿದ ಸಾರದ ಒಂದು ಹನಿಯನ್ನು, 96 ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಕೊಡಬೇಕು. ತಟ್ಟೆ ನೋಡಲು ನಮ್ಮ ಪಡ್ಡಿನ ಕಾವಲಿಯ ಮರಿಯಂತಿರುತ್ತದೆ. ಮೈಯ ಬಿಸಿಯಷ್ಟೆ, ಎಂದರೆ 37 ಡಿಗ್ರಿಯಲ್ಲಿ, ಒಂದು ಹಗಲು ಒಂದು ರಾತ್ರಿ ಇಟ್ಟು, ಕೋಶಗಳನ್ನು ಒಡೆದು, ಲೂಸಿಫೆರಿನ್ ಬೆರೆಸಿದರೆ ಬೆಳಕು ಬರುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಉಪಕರಣ ಎಣಿಸುವಷ್ಟು. ಪಕ್ಕದ ಗುಳಿಗಳಲ್ಲಿ ತಿಳಿದ ಪ್ರಮಾಣದ ಟಿಸಿಡಿಡಿ ಹಾಕಿರುತ್ತಾರೆ. ಎರಡನ್ನೂ ಹೋಲಿಸಿ, ಈ ಹಾಲು ಇಷ್ಟು ಪಿಕೊಗ್ರಾಂ ಟಿಸಿಡಿಡಿಗೆ ಸಮ ಎಂದು ಹೇಳುತ್ತಾರೆ. ಒಂದೇ ತಟ್ಟೆಯಲ್ಲಿ ಹತ್ತಾರು ಮಾದರಿಗಳು ಮುಗಿಯುತ್ತವೆ. ಖರ್ಚು ದೊಡ್ಡ ಯಂತ್ರದ್ದಕ್ಕಿಂತ ಅನೇಕ ಪಟ್ಟು ಕಡಿಮೆ.

ಯಂತ್ರಕ್ಕೂ ಕೋಶಕ್ಕೂ ಇರುವ ಭೇದವನ್ನು ಮೆಣಸಿನಕಾಯಿಯಿಂದ ಹೇಳಬಹುದು. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದು ನಾಲಗೆ ಸುಡುತ್ತದೆ. ಹುಳಿಯಲ್ಲಿ ಎಷ್ಟು ಖಾರವಿದೆ ಎಂದು ತಿಳಿಯಲು ಯಂತ್ರವು ಒಂದೊಂದು ಬಗೆಯ ಮೆಣಸಿನಕಾಯಿಯನ್ನೂ ಬೇರೆ ತೆಗೆದು ತೂಗಿ, ಬ್ಯಾಡಗಿಯ ಹತ್ತು ಗುಂಟೂರಿನ ಒಂದಕ್ಕೆ ಸಮ ಎಂಬಂಥ ಪಟ್ಟಿ ನೋಡಿ ಗುಣಿಸಿ ಕೂಡುತ್ತದೆ. ಡಯಾಕ್ಸಿನ್‌ಗಳಿಗೂ ವಿಶ್ವ ಆರೋಗ್ಯ ಸಂಸ್ಥೆ ಅಂಥದೊಂದು ಪಟ್ಟಿ ಕೊಟ್ಟಿದೆ; 2005ರ ಪಟ್ಟಿಯಲ್ಲಿ ಯಜಮಾನನಿಗೆ 1 ಆದರೆ, ಎಂಟು ಕ್ಲೋರಿನ್ ಹೊತ್ತ ತಮ್ಮನಿಗೆ 0.0003 ಇತ್ತು. ಕೋಶವಾದರೋ ಹುಳಿಯ ಒಂದು ತೊಟ್ಟು ನಾಲಗೆಗೆ ಹಾಕಿಕೊಂಡು ‘ಖಾರ ಇಷ್ಟು’ ಎನ್ನುತ್ತದೆ. ಯಾವ ಮೆಣಸಿನಕಾಯಿ ಎಂದು ಅದು ಹೇಳಲಾರದು. ಆದರೆ ಯಂತ್ರದ ಪಟ್ಟಿಯಲ್ಲೇ ಇಲ್ಲದ ಹೊಸ ಖಾರವಿದ್ದರೆ ನಾಲಗೆಗೆ ಅದೂ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯದು.

ಆದುದರಿಂದ ಬುದ್ಧಿವಂತರು ಎರಡನ್ನೂ ಇಟ್ಟುಕೊಂಡಿದ್ದಾರೆ. ಕೋಶ ಮೊದಲ ಜರಡಿ. ನೂರು ಮಾದರಿ ಬಂದರೆ ತೊಂಬತ್ತನ್ನೋ ತೊಂಬತ್ತೈದನ್ನೋ ನಿರ್ದೋಷಿಯೆಂದು ಬಿಟ್ಟು, ಅನುಮಾನ ಬಂದವನ್ನು ಮಾತ್ರ ಯಂತ್ರಕ್ಕೆ ಕಳಿಸುತ್ತಾರೆ. ಐರೋಪ್ಯ ಒಕ್ಕೂಟದ ಕಾಯಿದೆ ಆಹಾರಕ್ಕೂ ದನದ ಮೇವಿಗೂ ಇದನ್ನು ಒಪ್ಪಿದೆ. ದೋಷವಿದ್ದೂ ಜರಡಿಯಲ್ಲಿ ಜಾರಿಹೋಗುವುದು ನೂರಕ್ಕೆ ಐದರೊಳಗಿರಬೇಕೆಂದು ಷರತ್ತು ಹಾಕಿದೆ. ಜಪಾನ್ ಸರ್ಕಾರ 2005ರಲ್ಲಿ ಸಣ್ಣ ಕಸದ ಕುಲುಮೆಗಳ ಹೊಗೆಗೂ ಬೂದಿಗೂ ಜೀವಕೋಶ ಪರೀಕ್ಷೆಯನ್ನು ಒಪ್ಪಿಕೊಂಡಿತು. ಶಿಕ್ಷೆ ವಿಧಿಸುವಾಗ ಮಾತ್ರ ಯಂತ್ರದ ಮಾತೇ ಕೊನೆಯ ಮಾತು. ಅದು ನ್ಯಾಯವೂ ಹೌದು. ಬರಿಯ ಖಾರದ ಮೇಲೆ ಒಬ್ಬ ರೈತನ ಹಾಲನ್ನು ಚರಂಡಿಗೆ ಚೆಲ್ಲಿಸಬಾರದು.

ಇದರ ಪ್ರಯೋಜನಕ್ಕೆ ಎರಡು ಕಥೆ ಹೇಳುತ್ತೇನೆ. 1999ರಲ್ಲಿ ಬೆಲ್ಜಿಯಂ ದೇಶದಲ್ಲಿ ಕೋಳಿಗಳ ಮೊಟ್ಟೆ ಒಡೆದು ಮರಿಯಾಗದೆ ಹೋಯಿತು. ಹುಡುಕಿದರೆ, ಮೇವಿಗೆ ಬೆರೆಸುವ ಹಳೆಯ ಕೊಬ್ಬಿನಲ್ಲಿ ಪಿಸಿಬಿ ಎಣ್ಣೆ ಸೇರಿಹೋಗಿತ್ತು. ಸುಮಾರು 50 ಕಿಲೋ ಪಿಸಿಬಿ, ಅದರೊಳಗೆ ಡಯಾಕ್ಸಿನ್ ಕೇವಲ ಒಂದು ಗ್ರಾಂ. ಆ ಒಂದು ಗ್ರಾಂ 500 ಟನ್ ಮೇವಿನಲ್ಲಿ ಹಂಚಿಹೋಗಿ ಕೋಳಿಗೆ, ಮೊಟ್ಟೆಗೆ, ಊಟಕ್ಕೆ ಬಂತು. ತಿಂಗಳುಗಟ್ಟಲೆ ಗುಟ್ಟಾಗಿದ್ದದ್ದು ಮೇ ಕೊನೆಯಲ್ಲಿ ಹೊರಬಿದ್ದು, ಇಬ್ಬರು ಮಂತ್ರಿಗಳು ರಾಜೀನಾಮೆಯಿತ್ತರು. ಜೂನ್ ಚುನಾವಣೆಯಲ್ಲಿ ಸರ್ಕಾರವೇ ಸೋತಿತು. ಸಾವಿರಾರು ಮಾದರಿಗಳನ್ನು ಬೇಗ ನೋಡುವ ಉಪಾಯ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಆಗ ಯೂರೋಪಿಗೆ ಚೆನ್ನಾಗಿ ನಾಟಿತು.

ಪಕ್ಕದ ನೆದರ್ಲೆಂಡಿನ ಕಥೆ 2004ರದು. ವಾಡಿಕೆಯಂತೆ ತೆಗೆದ ಹಾಲಿನ ಒಂದು ಮಾದರಿಯಲ್ಲಿ ಕೋಶಗಳು ಜೋರಾಗಿ ಬೆಳಗಿದವು. ಯಂತ್ರವೂ ಹೌದೆಂದಿತು. ಆ ಹೊಲಮನೆಯ ಸುತ್ತ ಯಾವ ಚಿಮಣಿಯೂ ಇರಲಿಲ್ಲ. ಹಸು ತಿಂದದ್ದೇನು? ಆಲೂಗಡ್ಡೆಯ ಸಿಪ್ಪೆ. ಸಿಪ್ಪೆ ಬಂದದ್ದೆಲ್ಲಿಂದ? ಆಲೂಗಡ್ಡೆ ಹುರಿಯುವ ಕಾರ್ಖಾನೆಯಿಂದ. ಅಲ್ಲಿ ಒಳ್ಳೆಯ ಗಡ್ಡೆಯನ್ನೂ ಕಳಪೆಯನ್ನೂ ಬೇರ್ಪಡಿಸಲು ಜೇಡಿಮಣ್ಣು ಕದಡಿದ ನೀರಿನಲ್ಲಿ ತೇಲಿಸುತ್ತಿದ್ದರು. ಆ ಜೇಡಿಮಣ್ಣಿನಲ್ಲಿ ಭೂಮಿಯ ಒಳಗಿನಿಂದಲೇ ಬಂದ ಡಯಾಕ್ಸಿನ್ ಇತ್ತು! ಮಣ್ಣು, ಸಿಪ್ಪೆ, ಹಸು, ಹಾಲು. ಇಷ್ಟುದ್ದದ ಸರಪಳಿಯನ್ನು ಯಾವ ಪಂಡಿತನೂ ಮುಂಚಿತವಾಗಿ ಊಹಿಸಿರಲಾರ. ಹಾಲನ್ನು ನೋಡಿದ್ದರಿಂದ ಸಿಕ್ಕಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಉಕ್ರೇನಿನ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ವಿಕ್ಟರ್ ಯುಶ್ಚೆಂಕೊ ಅವರ ಮುಖ ಗುಳ್ಳೆಯೆದ್ದು ಕಪ್ಪಾದುದನ್ನು ಪತ್ರಿಕೆಗಳಲ್ಲಿ ಕಂಡಿರುತ್ತೀರಿ. ಅವರ ರಕ್ತದಲ್ಲಿ ಡಯಾಕ್ಸಿನ್ ವಿಪರೀತವಾಗಿದೆ ಎಂದು ಮೊದಲು ಆಂಸ್ಟರ್‌ಡಾಂನಲ್ಲಿ ತೋರಿಸಿದ್ದೂ ಇದೇ ಕೋಶಗಳು.

ಈಗ ನಮ್ಮ ದೆಹಲಿಗೆ ಬರೋಣ.

ಓಖ್ಲಾದಲ್ಲಿ ಕಸ ಸುಟ್ಟು ವಿದ್ಯುತ್ ಮಾಡುವ ಘಟಕ 2012ರಲ್ಲಿ ಕೆಲಸ ಆರಂಭಿಸಿತು. ಮುಂದೆ ಗಾಜಿಪುರ, ನರೇಲಾ–ಬವಾನಾ, 2022ರಲ್ಲಿ ತೇಹಖಂಡ. ಓಖ್ಲಾದ ಪಕ್ಕದ ಸುಖದೇವ ವಿಹಾರದ ನಿವಾಸಿಗಳು ಘಟಕ ಏಳುವ ಮೊದಲೇ, 2009ರಲ್ಲಿ, ಹೈಕೋರ್ಟಿಗೆ ಹೋದರು. ಮೊಕದ್ದಮೆ 2013ರಲ್ಲಿ ಹಸಿರು ನ್ಯಾಯಮಂಡಲಿಗೆ ವರ್ಗವಾಗಿ 2017ರ ಫೆಬ್ರವರಿ 2ರಂದು ತೀರ್ಪಾಯಿತು: ಘಟಕ ನಡೆಯಬಹುದು, ಹಿಂದೆ ಮಿತಿ ಮೀರಿದ್ದಕ್ಕೆ 25 ಲಕ್ಷ ರೂಪಾಯಿ ಕಟ್ಟಬೇಕು. ಎಂಟು ವರ್ಷ ನಡೆದ ಆ ವಾದದಲ್ಲಿ ಡಯಾಕ್ಸಿನ್ ಎಂಬ ಶಬ್ದ ಮತ್ತೆ ಮತ್ತೆ ಬಂತು. ನಾನು ಘಟಕದ ಪಕ್ಷವೂ ಅಲ್ಲ, ವಿರೋಧಿಯೂ ಅಲ್ಲ. 850 ಡಿಗ್ರಿಗೆ ಮೇಲೆ ಎರಡು ಸೆಕೆಂಡು ಚೆನ್ನಾಗಿ ಉರಿದು, ಹೊಗೆಯನ್ನು ಸರಿಯಾಗಿ ತೊಳೆದರೆ ಡಯಾಕ್ಸಿನ್ ಬಹಳಮಟ್ಟಿಗೆ ಅಡಗುತ್ತದೆ. ಬಯಲಿನಲ್ಲಿ ಹೊಗೆಯಾಡುವ ಕಸದ ಗುಡ್ಡಕ್ಕಿಂತ ಒಳ್ಳೆಯ ಕುಲುಮೆ ಮೇಲೆಂದೇ ಹೇಳುತ್ತೇನೆ. ಒಳ್ಳೆಯ ಕುಲುಮೆಯಾಗಿದ್ದರೆ, ಎಂದು ಸೇರಿಸಿಕೊಳ್ಳಿ.

ನನ್ನ ಆಕ್ಷೇಪ ಅಳತೆಯ ಬಗ್ಗೆ. ಚಿಮಣಿಯಲ್ಲಿ ಧೂಳು, ಗಂಧಕದ ಡೈಆಕ್ಸೈಡ್ ಇತ್ಯಾದಿಗಳನ್ನು ಹಗಲಿರುಳು ಅಳೆದು ಹಲಗೆಯ ಮೇಲೆ ತೋರಿಸುವ ಯಂತ್ರಗಳುಂಟು. ಡಯಾಕ್ಸಿನ್ ಅವುಗಳಿಗೆ ಕಾಣುವುದಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಒಂದು ಘನಮೀಟರು ಹೊಗೆಯಲ್ಲಿ 0.1 ನ್ಯಾನೊಗ್ರಾಂ ಮೀರಬಾರದೆಂದವು. ಸರಿ. ಅದನ್ನು ನೋಡುವುದಕ್ಕೆ ಪರೀಕ್ಷಕರು ವರ್ಷದಲ್ಲಿ ಎಲ್ಲೋ ಕೆಲವು ದಿನ ಬಂದು ಕೆಲವು ಗಂಟೆಯ ಹೊಗೆ ಹಿಡಿಯಬೇಕು. ನೆಂಟರು ಬರುವ ದಿನ ಮನೆ ಗುಡಿಸಿರುತ್ತದಲ್ಲವೆ? ಬೆಲ್ಜಿಯಂನ ಇಬ್ಬರು ಸಂಶೋಧಕರು 1998ರಲ್ಲಿ ಒಂದು ಕುಲುಮೆಯಲ್ಲಿ ಆರು ಗಂಟೆಯ ಮಾದರಿಯನ್ನೂ, ಎರಡು ವಾರ ಎಡೆಬಿಡದೆ ಹಿಡಿದ ಮಾದರಿಯನ್ನೂ ಹೋಲಿಸಿದರು. ಎರಡು ವಾರದ ಸರಾಸರಿ 30ರಿಂದ 50 ಪಟ್ಟು ಹೆಚ್ಚು ಬಂತು. ಕುಲುಮೆ ಹೊತ್ತಿಸುವಾಗ, ಆರಿಸುವಾಗ, ಒದ್ದೆ ಕಸ ಬಂದು ಉರಿ ಕುಗ್ಗಿದಾಗ ಹೊರಬಿದ್ದದ್ದು ಆರು ಗಂಟೆಯ ಬಲೆಗೆ ಬೀಳಲಿಲ್ಲ.

ಹಸುವಿನ ಹಾಲಾದರೋ ಯಾರಿಗೂ ಮುಂಚಿತವಾಗಿ ಸೂಚನೆ ಕೊಡುವುದಿಲ್ಲ. ತಿಂಗಳುಗಟ್ಟಲೆ ಬಿದ್ದದ್ದನ್ನೆಲ್ಲ ಅದು ಕೊಬ್ಬಿನಲ್ಲಿ ಜಮಾ ಮಾಡಿಟ್ಟಿರುತ್ತದೆ.

ಮಯೂರ ವಿಹಾರ, ವಸುಂಧರಾ, ಇಂದಿರಾಪುರದ ಕಡೆ ಇರುವ ನಮ್ಮವರಿಗೆ ಗಾಜಿಪುರದ ಗುಡ್ಡ ದಿನವೂ ಕಾಣುತ್ತದೆ. 1984ರಲ್ಲಿ ಆರಂಭವಾದ ಈ ಕಸದ ರಾಶಿ 65 ಮೀಟರಿನಷ್ಟು ಬೆಳೆದು, 2017ರ ಸೆಪ್ಟೆಂಬರ್ 1ರಂದು ಅದರ ಒಂದು ಪಾರ್ಶ್ವ ಕುಸಿದು ಇಬ್ಬರು ಸತ್ತರು. ಬೇಸಗೆಯಲ್ಲಿ ಅದಕ್ಕೆ ಬೆಂಕಿ ಹತ್ತುತ್ತದೆ. 2024ರ ಏಪ್ರಿಲ್‌ನಲ್ಲಿಯೂ ಹತ್ತಿತು. ಉತ್ತರಕ್ಕೆ ಭಲ್ಸ್ವಾದಲ್ಲಿ 2022ರ ಏಪ್ರಿಲ್‌ನಲ್ಲಿ ದಿನಗಟ್ಟಲೆ ಉರಿಯಿತು. ಎರಡು ಗುಡ್ಡಗಳ ಬುಡದಲ್ಲಿಯೂ ಡೈರಿ ಬಡಾವಣೆಗಳು, ಸಾವಿರಾರು ಎಮ್ಮೆ ಹಸುಗಳು. 2024ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟು ಈ ಸಂಗತಿಯನ್ನು ಕೈಗೆತ್ತಿಕೊಂಡು, ಕಸದ ಗುಡ್ಡದ ಪಕ್ಕದ ದನ ಆ ಕಸವನ್ನೇ ಮೇಯುತ್ತದೆ, ಅದರ ಹಾಲು ಕುಡಿದವರಿಗೆ, ಅದರಲ್ಲಿಯೂ ಮಕ್ಕಳಿಗೆ, ಕೇಡು ತಪ್ಪದು, ಆದುದರಿಂದ ಗಾಜಿಪುರ ಮತ್ತು ಭಲ್ಸ್ವಾದ ಡೈರಿಗಳನ್ನು ಕೂಡಲೆ ಸ್ಥಳಾಂತರಿಸಬೇಕೆಂಬ ಅಭಿಪ್ರಾಯ ಕೊಟ್ಟಿತು. ದನ ಸಾಕಿದವರು, ತಲೆಮಾರಿನಿಂದ ಇಲ್ಲಿದ್ದೇವೆ, ಹೋಗುವುದೆಲ್ಲಿಗೆ ಎಂದರು. ಅವರ ಕಷ್ಟವೂ ಸುಳ್ಳಲ್ಲ.

ನ್ಯಾಯಾಧೀಶರ ಆತಂಕಕ್ಕೆ ವಿಜ್ಞಾನದ ಆಧಾರವುಂಟೆ? ಉಂಟು. ಚೆನ್ನೈನ ಪೆರುಂಗುಡಿಯಲ್ಲಿ ಇಂಥದೇ ಒಂದು ಕಸದ ಬಯಲಿದೆ. ಜಪಾನಿನ ಎಹಿಮೆ ವಿಶ್ವವಿದ್ಯಾಲಯದವರು ನಮ್ಮ ವಿಜ್ಞಾನಿಗಳೊಡನೆ ಸೇರಿ ಅಲ್ಲಿ ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬಯಲಿನ ಹತ್ತಿರದ ತಾಯಂದಿರ ಎದೆಹಾಲಿನಲ್ಲಿ ದೂರದವರಿಗಿಂತ ಡಯಾಕ್ಸಿನ್ ಹೆಚ್ಚಿತ್ತು. ದಾರಿ ಹುಡುಕಿದರೆ ಅದು ಆ ಬಯಲಲ್ಲಿ ಮೇಯುವ ಹಸುವಿನ ಹಾಲಿನತ್ತ ಕೈತೋರಿತು. ಕೋಲ್ಕತ್ತದ ಕಸದ ಬಯಲಿನ ಬಳಿ, 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅದೇ ಬೆರಳು ಮೀನಿನತ್ತ ಹೋಯಿತು. ಒಂದೊಂದು ಊರಿಗೆ ಅದರದರ ಊಟದ ದಾರಿ. 2005ರಲ್ಲಿ ಲಖನೌದ ಒಂದು ವೈದ್ಯಕೀಯ ಕಸದ ಕುಲುಮೆಯ ಬಳಿ ಮೇಯುವ ಕೋಳಿಗಳ ಮೊಟ್ಟೆಯಲ್ಲಿ ಐರೋಪ್ಯ ಮಿತಿಯ ಹಲವು ಪಟ್ಟು ಸಿಕ್ಕಿತ್ತು.

ಇಷ್ಟು ಕೇಳಿ ಇಲ್ಲಿರುವ ತಾಯಂದಿರು ಎದೆಹಾಲಿನ ಬಗ್ಗೆ ಸಂಶಯಪಡಬಾರದು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲವನ್ನೂ ತೂಗಿ ನೋಡಿ, ಎದೆಹಾಲೇ ಮೇಲೆಂದು ಖಂಡಿತವಾಗಿ ಹೇಳಿದೆ. ಪ್ಯಾಕೆಟ್ ಹಾಲನ್ನು ಕುರಿತೂ ಗಾಬರಿ ಬೇಡ. ನೂರಾರು ಹಳ್ಳಿಗಳ ಹಾಲು ಅದರಲ್ಲಿ ಕೂಡುವುದರಿಂದ ಒಂದು ಕೊಟ್ಟಿಗೆಯ ದೋಷ ತೆಳುವಾಗಿಬಿಡುತ್ತದೆ. ಅಪಾಯವಿರುವುದು ಒಂದೇ ಕೊಟ್ಟಿಗೆಯ ಹಾಲನ್ನು ವರ್ಷಗಟ್ಟಲೆ ತರಿಸುವ ಮನೆಗೆ, ಆ ಕೊಟ್ಟಿಗೆ ಹೊಗೆಯ ಬುಡದಲ್ಲಿದ್ದರೆ. ‘ಕಣ್ಣೆದುರಿಗೆ ಕರೆದ ಹಾಲು, ನೀರು ಬೆರೆಸಿಲ್ಲ’ ಎಂದು ಹಿಗ್ಗುವವರು ನಾವೇ ಅಲ್ಲವೆ! ಕಾಯಿಸಿದರೆ ಡಯಾಕ್ಸಿನ್ ಹೋಗುವುದಿಲ್ಲ. ಕೆನೆ ತೆಗೆದರೆ ಕೆನೆಯೊಡನೆ ಹೋಗುತ್ತದೆ. ಆ ಕೆನೆ ಬೆಣ್ಣೆಯಾಗಿ ತುಪ್ಪವಾಗಿ ಹೋಳಿಗೆಯ ಮೇಲೆ ಮರಳಿ ಬರುತ್ತದೆ.

ಹೀಗಾಗಿ ನಾನು ಕೇಳುವುದಿಷ್ಟೆ. ಚಿಮಣಿ ಅಳೆಯಲು ನಿಯಮವುಂಟು. ಅದರ ನೆರಳಿನಲ್ಲಿರುವ ಹಾಲು, ಮೊಟ್ಟೆಗಳನ್ನು ಅಳೆಯಬೇಕೆಂದು ಆ ನಿಯಮಗಳು ಹೇಳಲಿಲ್ಲ. ದೊಡ್ಡ ಯಂತ್ರವೊಂದನ್ನೇ ನಂಬಿದರೆ ಅದು ಆಗದ ಮಾತು. ಕೋಶದ ಜರಡಿ ಇದ್ದರೆ ಆಗುತ್ತದೆ. ಜೀವಕೋಶ ಬೆಳೆಸುವ ವಿದ್ಯೆ ದೆಹಲಿಗೆ ಹೊಸದಲ್ಲ. ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ, ಏಮ್ಸ್, ಅರುಣಾ ಆಸಫ್ ಅಲಿ ಮಾರ್ಗದ ರೋಗನಿರೋಧ ವಿಜ್ಞಾನ ಸಂಸ್ಥೆ, ಎಲ್ಲ ಕಡೆಯೂ ಅದು ದಿನನಿತ್ಯದ ಕೆಲಸ. ಬೆಳಕು ಅಳೆಯುವ ಉಪಕರಣವೂ ಅಲ್ಲಿದೆ. ಬೇಕಾದದ್ದು ಅನುಮತಿ ಪಡೆದು ತರಿಸಿದ ಕೋಶಗಳು, ಆಮ್ಲದ ಶುದ್ಧೀಕರಣದಲ್ಲಿ ಪಳಗಿದ ಒಂದೆರಡು ಕೈ, ಅನುಮಾನ ಬಂದದ್ದನ್ನು ಮಾಲಿನ್ಯ ಮಂಡಲಿಯ ಯಂತ್ರಕ್ಕೆ ಕಳಿಸುವ ಒಪ್ಪಂದ. ಓಖ್ಲಾ, ಗಾಜಿಪುರ, ಭಲ್ಸ್ವಾ, ಬವಾನಾ, ಇವುಗಳ ಸುತ್ತ ಮೂರು ತಿಂಗಳಿಗೊಮ್ಮೆ ಐವತ್ತು ಕೊಟ್ಟಿಗೆಯ ಹಾಲನ್ನು ನೋಡಿದರೆ, ಯಾವ ಡೈರಿಯನ್ನು ನಿಜಕ್ಕೂ ಎಬ್ಬಿಸಬೇಕು, ಯಾವುದನ್ನು ಸುಮ್ಮನೆ ಬಿಡಬಹುದು ಎಂದು ನ್ಯಾಯಾಲಯಕ್ಕೂ ತಿಳಿಯುತ್ತದೆ, ದನದವನಿಗೂ ತಿಳಿಯುತ್ತದೆ. ಇಲ್ಲಿ ಕುಳಿತಿರುವವರಲ್ಲಿ ಸಂಶೋಧನೆ ಮಾಡುವ ಹುಡುಗ ಹುಡುಗಿಯರಿದ್ದೀರಿ, ಮಂತ್ರಾಲಯಗಳಲ್ಲಿ ಕಡತ ನಡೆಸುವ ಹಿರಿಯರೂ ಇದ್ದೀರಿ. ಇವರಿಬ್ಬರ ಪರಿಚಯ ಮಾಡಿಸುವುದಕ್ಕೆ ಸಂಘಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿಯದು.

ಚಳಿಗಾಲ ಬರುತ್ತಿದೆ. ತಮ್ಮ ತಮ್ಮ ಸೊಸೈಟಿಗಳ ಬಾಗಿಲಲ್ಲಿ ಚೌಕೀದಾರ ಎಲೆ, ಕಡ್ಡಿ, ಹಾಲಿನ ಪ್ಯಾಕೆಟು, ಹಳೆಯ ಚಪ್ಪಲಿ ಸೇರಿಸಿ ಬೆಂಕಿ ಕಾಯಿಸುತ್ತಾನೆ. ಬಯಲಿನಲ್ಲಿ ಕಸ ಸುಟ್ಟರೆ 5000 ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಲಿ 2015ರಲ್ಲಿಯೇ ಆಜ್ಞೆ ಮಾಡಿತು. ದಂಡಕ್ಕಿಂತ ಮೊದಲು ಅವನಿಗೊಂದು ವಿದ್ಯುತ್ ಹೀಟರು, ಒಂದು ದಪ್ಪ ಕಂಬಳಿ ಕೊಡಿಸಿ. ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲು ಯಾವ ಪ್ರಯೋಗಶಾಲೆಯೂ ಬೇಕಾಗಿಲ್ಲ.

ಕೊನೆಗೊಂದು ಲೆಕ್ಕ. ನೂರು ಮಿಲಿಲೀಟರು ಎಮ್ಮೆಯ ಹಾಲಿನಲ್ಲಿ ಆರೇಳು ಗ್ರಾಂ ಕೊಬ್ಬಿರುತ್ತದೆ. ಕೋಶಗಳಿಗೆ ಅದು ಸಾಕು. ಪರೀಕ್ಷೆಗೆ ಎಷ್ಟು ಹಾಲು ಬೇಕೆಂದು ಯಾರಾದರೂ ಕೇಳಿದರೆ, ಮಗುವಿಗೆ ಕೊಡುವ ಒಂದು ಸಣ್ಣ ಲೋಟ ಎಂದು ಹೇಳಿ.

ಪ್ರಶ್ನೆಗಳಿದ್ದರೆ ಕಾಫಿಯ ಹೊತ್ತಿನಲ್ಲಿ ಸಂತೋಷವಾಗಿ ಉತ್ತರಿಸುತ್ತೇನೆ.